ಖಾಲಿ ಮನೆಗೆ ಬರೆದ ಸೊನ್ನೆ: ಬೆಳಗಾವಿ ಲೋಕಸಭಾ ಸ್ಥಾನದ 274 ದಿನಗಳ ಪ್ರಕರಣ ಅಧ್ಯಯನ

2024ರ ಏಪ್ರಿಲ್‌ನಲ್ಲಿ, ಬೆಳಗಾವಿಯ ಮತದಾನಕ್ಕೆ ಇನ್ನೂ ಮೂರು ವಾರ ಇರುವಾಗ, ನಮ್ಮ ಓಣಿಯ ವಾಚನಾಲಯದ ಸೂಚನಾ ಫಲಕಕ್ಕೆ ನಾವು ಒಂದು ಹಾಳೆ ಅಂಟಿಸಿದೆವು. ‘ನಮ್ಮ ಸಂಸದರು ದಿಲ್ಲಿಯಲ್ಲಿ ಏನು ಮಾಡಿದರು?’ ಎಂಬುದು ಅದರ ತಲೆಬರಹ. ಕೆಳಗೆ ನಾಲ್ಕು ಅಂಕಣಗಳಿದ್ದವು: ಹಾಜರಿ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆ, ಮಂಡಿಸಿದ ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ತಾವೇ ತರುವ ಮಸೂದೆ). 17ನೇ ಲೋಕಸಭೆಯ ಅವಧಿಯಲ್ಲಿ ಬೆಳಗಾವಿ ಸ್ಥಾನಕ್ಕೆ ಇಬ್ಬರು ಆಯ್ಕೆಯಾಗಿದ್ದರಿಂದ ಎರಡು ಹೆಸರುಗಳನ್ನು ಬರೆದಿದ್ದೆವು. ಒಬ್ಬರು ಸುರೇಶ ಅಂಗಡಿ; ಇನ್ನೊಬ್ಬರು ಅವರ ನಿಧನದ ನಂತರ ನಡೆದ ಉಪಚುನಾವಣೆಯಲ್ಲಿ ಗೆದ್ದ ಮಂಗಲಾ ಅಂಗಡಿ. ಮೊದಲ ಹೆಸರಿನ ಮುಂದೆ ನಾಲ್ಕೂ ಮನೆಗಳಲ್ಲಿ ಸೊನ್ನೆ ಇತ್ತು.

ಆ ಸೊನ್ನೆಗಳನ್ನು ಬರೆದವನು ನಾನೇ. ಮೂವತ್ತು ವರ್ಷ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು, ಹೀಗಾಗಿ ಈ ತಪ್ಪಿಗೆ ನನ್ನಲ್ಲಿ ಸಬೂಬೂ ಇಲ್ಲ. ಸಂಸದರ ಚಟುವಟಿಕೆಯನ್ನು ಲೆಕ್ಕವಿಡುವ ಪಿಆರ್‌ಎಸ್ ಸಂಸ್ಥೆಯ ಪುಟಗಳಲ್ಲಿ ಸಚಿವರಾಗಿದ್ದವರ ಎದುರು ಅಂಕಿಗಳನ್ನೇ ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲವೆಂದು ಅಲ್ಲೇ ಒಂದು ಸಾಲಿನ ವಿವರಣೆಯೂ ಇರುತ್ತದೆ. ಝೆರಾಕ್ಸ್ ಇಟ್ಟುಕೊಂಡಿರುವ ನಮ್ಮ ಓಣಿಯ ಹುಡುಗ ಅಂಕಿಗಳನ್ನೆಲ್ಲ ಕಂಪ್ಯೂಟರಿನ ಕೋಷ್ಟಕಕ್ಕೆ ಇಳಿಸಿಕೊಡುವಾಗ, “ಸರ, ಇಲ್ಲೆ ಏನೂ ಇಲ್ಲರಿ, ಮನಿ ಖಾಲಿ ಐತಿ. ಏನ್ ಹಾಕ್ಲಿ?” ಎಂದು ಕೇಳಿದ. ಅವಸರದಲ್ಲಿದ್ದ ನಾನು, “ಇಲ್ಲಂದ್ರ ಸೊನ್ನಿ ಹಾಕೋ ತಮ್ಮಾ” ಎಂದುಬಿಟ್ಟೆ.

ಎರಡನೆಯ ದಿನ ಸಂಜೆ, ಗೂಡ್ಸ್ ಗಾಡಿಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಪತ್ರಿಕೆ ಓದಲು ಬಂದವರು ಆ ಹಾಳೆಯ ಮುಂದೆ ನಿಂತು, ಚಾಳೀಸು ಮೂಗಿನ ತುದಿಗೆ ಇಳಿಸಿ ಸಾವಕಾಶವಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ಮಾಸ್ತರ, ಮಂತ್ರಿ ಆದಾವ ಯಾರನ್ನ ಪ್ರಶ್ನಿ ಕೇಳಬೇಕ್ರಿ? ತನ್ನನ್ನ ತಾನ ಕೇಳ್ಕೋಬೇಕೇನು?” ಎಂದರು. ಮೂರನೆಯ ದಿನ ಬೆಳಿಗ್ಗೆ ಹಾಳೆ ಕೆಳಗಿಳಿಯಿತು. ಅದನ್ನು ಸರಿಪಡಿಸಿ ಮತ್ತೆ ಹಚ್ಚಲು ಆರು ವಾರ ಹಿಡಿದವು, ಅಷ್ಟರಲ್ಲಿ ಮತದಾನವೇ ಮುಗಿದುಹೋಗಿತ್ತು. ಆ ಆರು ವಾರಗಳಲ್ಲಿ ನಾವು ಮಾಡಿದ ಕೆಲಸದ ವಿವರ ಇಲ್ಲಿದೆ.

ಒಂದು ಅವಧಿ, ಮೂರು ಸ್ಥಿತಿ

ಸುರೇಶ ಅಂಗಡಿ ಅವರು 2004ರಿಂದ ಬೆಳಗಾವಿಯಿಂದ ಸತತವಾಗಿ ಆಯ್ಕೆಯಾಗುತ್ತ ಬಂದವರು. 2019ರ ಮೇ ತಿಂಗಳಲ್ಲಿ ನಾಲ್ಕನೆಯ ಸಲ ಗೆದ್ದ ಕೂಡಲೇ ಅವರಿಗೆ ಕೇಂದ್ರದಲ್ಲಿ ರೈಲ್ವೆ ರಾಜ್ಯ ಸಚಿವ ಸ್ಥಾನ ಸಿಕ್ಕಿತು. ಎಂದರೆ 17ನೇ ಲೋಕಸಭೆ 2019ರ ಜೂನ್ 17ರಂದು ಮೊದಲ ಬಾರಿ ಸೇರುವ ಹೊತ್ತಿಗೇ ಅವರು ಸರ್ಕಾರದ ಸಾಲಿನಲ್ಲಿ ಕುಳಿತಿದ್ದರು. 2020ರ ಸೆಪ್ಟೆಂಬರ್ 11ರಂದು ಅವರಿಗೆ ಕೊರೊನಾ ಸೋಂಕು ತಗುಲಿರುವುದು ತಿಳಿಯಿತು. ಸೆಪ್ಟೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ ನಿಧನರಾದರು. ಅಂದೇ ಲೋಕಸಭೆಯ ಆ ಮಳೆಗಾಲದ ಅಧಿವೇಶನವೂ ಮುಗಿಯಿತು. ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆದು ಮೇ 2ರಂದು ಫಲಿತಾಂಶ ಬಂತು. 2019ರಲ್ಲಿ ಸುಮಾರು 3.9 ಲಕ್ಷ ಮತಗಳಷ್ಟಿದ್ದ ಅಂತರ ಈ ಸಲ ಐದು ಸಾವಿರದ ಆಸುಪಾಸಿಗೆ ಇಳಿದಿತ್ತು. ಮಂಗಲಾ ಅಂಗಡಿ ಅವರು ಪ್ರಮಾಣವಚನ ಸ್ವೀಕರಿಸಿದ್ದು ಮುಂದಿನ ಅಧಿವೇಶನದ ಮೊದಲ ದಿನ, 2021ರ ಜುಲೈ 19ರಂದು.

ಹೀಗೆ ಒಂದೇ ಸ್ಥಾನ ಒಂದೇ ಅವಧಿಯಲ್ಲಿ ಮೂರು ಸ್ಥಿತಿಗಳನ್ನು ಕಂಡಿತು. ಮೊದಲು ಸಚಿವರ ಸ್ಥಾನ, ನಂತರ ತೆರವಾದ ಸ್ಥಾನ, ಕೊನೆಗೆ ಸಾಮಾನ್ಯ ಸದಸ್ಯರ ಸ್ಥಾನ. ಸಂಸದರ ಕೆಲಸವನ್ನು ಅಳೆಯುವ ಎಲ್ಲ ಕೋಷ್ಟಕಗಳೂ ಮೂರನೆಯ ಸ್ಥಿತಿಗೆಂದು ತಯಾರಾದವು. ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಖಾಸಗಿ ಸದಸ್ಯರ ಮಸೂದೆ ಮಂಡಿಸುವುದಿಲ್ಲ, ಇಲಾಖೆಗಳ ಕೆಲಸವನ್ನು ಪರಿಶೀಲಿಸುವ ಇಲಾಖಾ ಸ್ಥಾಯಿ ಸಮಿತಿಗಳಲ್ಲಿ ಸದಸ್ಯರಾಗುವಂತಿಲ್ಲ. ಚರ್ಚೆಯಲ್ಲಿ ಅವರು ಆಡುವ ಮಾತು ಸರ್ಕಾರದ ಮಾತೆಂದು ಲೆಕ್ಕವಾಗುತ್ತದೆ. ಸಚಿವರು ಸದನಕ್ಕೆ ಬಂದರೋ ಇಲ್ಲವೋ ಎಂಬುದನ್ನು ಈ ಅಂಕಣಗಳು ಹೇಳಲಾರವು. ಆ ವಿಷಯವನ್ನು ಬರೆದುಕೊಳ್ಳಲು ಅವುಗಳಲ್ಲಿ ಜಾಗವೇ ಇಲ್ಲ. ಜಾಗವಿಲ್ಲದ ಕಡೆ ನಾನು ಸೊನ್ನೆ ತುಂಬಿದ್ದೆ.

ದಿನಗಳನ್ನು ಎಣಿಸಿದ್ದು

ತಪ್ಪು ಗೊತ್ತಾದ ಮೇಲೆ ನಾವು ಮೊದಲು ಕೈಹಾಕಿದ್ದು ಪ್ರಶ್ನೆಗಳ ಎಣಿಕೆಗಲ್ಲ, ದಿನಗಳ ಎಣಿಕೆಗೆ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಒಂದೊಂದು ಅಧಿವೇಶನಕ್ಕೆ ಒಂದೊಂದು ಸಾಲು ಬಿಟ್ಟು, ಸದನ ನಿಜವಾಗಿ ಎಷ್ಟು ದಿನ ಕೂಡಿತು ಎಂಬುದನ್ನು ಬರೆದುಕೊಂಡೆವು. 2019ರ ಮೊದಲ ಅಧಿವೇಶನ 37 ದಿನ, ಅದೇ ವರ್ಷದ ಚಳಿಗಾಲದ್ದು 20 ದಿನ, 2020ರ ಬಜೆಟ್ ಅಧಿವೇಶನ 23 ದಿನ. ಈ ಬಜೆಟ್ ಅಧಿವೇಶನ ಕೊರೊನಾದಿಂದಾಗಿ ಮಾರ್ಚ್ 23ಕ್ಕೇ ನಿಂತಿತು. ಅದೇ ವರ್ಷದ ಸೆಪ್ಟೆಂಬರ್‌ನ ಮಳೆಗಾಲದ ಅಧಿವೇಶನ ಬರೀ 10 ದಿನ ನಡೆಯಿತು. ಒಟ್ಟು 90. ಆ ವರ್ಷ ಚಳಿಗಾಲದ ಅಧಿವೇಶನ ನಡೆಯಲೇ ಇಲ್ಲ. 2021ರ ಬಜೆಟ್ ಅಧಿವೇಶನದ 24 ದಿನಗಳಲ್ಲಿ ಬೆಳಗಾವಿಯ ಆಸನದಲ್ಲಿ ಯಾರೂ ಇರಲಿಲ್ಲ. 2021ರ ಜುಲೈನಿಂದ 2024ರ ಫೆಬ್ರುವರಿ 10ರವರೆಗಿನ ಹತ್ತು ಅಧಿವೇಶನಗಳ ದಿನಗಳನ್ನು ಕೂಡಿಸಿದರೆ 160 ಆಗುತ್ತದೆ. 90, 24, 160 ಸೇರಿ 274. 17ನೇ ಲೋಕಸಭೆ ಕೂಡಿದ್ದು ಅಷ್ಟೇ ದಿನ. ಐದು ವರ್ಷ ಪೂರೈಸಿದ ಲೋಕಸಭೆಗಳ ಪೈಕಿ ಇಷ್ಟು ಕಡಿಮೆ ದಿನ ಕೂಡಿದ್ದು ಬೇರೊಂದಿಲ್ಲ.

ಆ 90ರಲ್ಲೂ ಕೊನೆಯ ಹತ್ತು ದಿನ ಸಚಿವರು ಕೊರೊನಾದಿಂದ ಬಳಲುತ್ತಿದ್ದರು. ಆದ್ದರಿಂದ ಅವರು ಸದನದಲ್ಲಿ ಸಚಿವರಾಗಿ ಇರಬಹುದಾಗಿದ್ದ ದಿನಗಳು ಹೆಚ್ಚೆಂದರೆ 80. ಗಾರ್ಡ್ ಸಾಹೇಬರು ಈ ಅಂಕಿಯನ್ನು ನೋಡಿ, “ಎಂಬತ್ತ ದಿನದ ಮ್ಯಾಲ ಐದ ವರ್ಷದ ಮಾರ್ಕ್ ಹಾಕಾಕ ಹೊಂಟಿದ್ರಿ” ಎಂದು ಮತ್ತೊಮ್ಮೆ ಚುಚ್ಚಿದರು.

ಛೇದದ ಅಂಕಿ ತಪ್ಪಿದರೆ ಅಂಶದ ಅಂಕಿ ಎಷ್ಟೇ ಸರಿಯಿದ್ದರೂ ಉಪಯೋಗವಿಲ್ಲ ಎಂಬುದನ್ನು ಹುಡುಗನಿಗೆ ತೋರಿಸಲು ನಾನೊಂದು ಕಾಲ್ಪನಿಕ ಲೆಕ್ಕ ಹಾಕಿದೆ. ಮಧ್ಯದಲ್ಲಿ ಆಯ್ಕೆಯಾಗಿ ಬಂದ ಸದಸ್ಯರೊಬ್ಬರು ತಮ್ಮ 160 ದಿನಗಳಲ್ಲಿ 128 ದಿನ ಸಹಿ ಹಾಕಿದ್ದಾರೆ ಎಂದುಕೊಳ್ಳೋಣ. ಅವರ ಹಾಜರಿ ಶೇ 80. ಆ ಲೋಕಸಭೆಯ ಸರಾಸರಿ ಹಾಜರಿ ಶೇ 79 ಇತ್ತಾದ್ದರಿಂದ ಅವರು ಸರಾಸರಿಯವರೇ. ಅದೇ 128ನ್ನು 274ರಿಂದ ಭಾಗಿಸಿದರೆ ಶೇ 47 ಬರುತ್ತದೆ, ಮತ್ತು ಅದೇ ಮನುಷ್ಯರು ಗೈರುಹಾಜರಿಯ ಸಂಸದರೆಂದು ಫೋನಿನಿಂದ ಫೋನಿಗೆ ಹರಿದಾಡುತ್ತಾರೆ. ಸಿದ್ಧ ಕೋಷ್ಟಕಗಳು ಹಾಜರಿಯ ಮಟ್ಟಿಗೆ ಈ ತಪ್ಪು ಮಾಡುವುದಿಲ್ಲ, ಸದಸ್ಯರ ಅವಧಿಯನ್ನಷ್ಟೇ ಹಿಡಿಯುತ್ತವೆ. ಆದರೆ ಪ್ರಶ್ನೆಗಳ ವಿಷಯಕ್ಕೆ ಬಂದಾಗ ಓದುಗರು ಐದು ವರ್ಷ ಇದ್ದವರ ಒಟ್ಟು ಸಂಖ್ಯೆಯನ್ನೂ ಮೂರು ವರ್ಷಕ್ಕಿಂತ ಕಡಿಮೆ ಇದ್ದವರ ಒಟ್ಟು ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನಾವೂ ಹಾಗೆಯೇ ಮಾಡಿದ್ದೆವು.

ಹಾಜರಿಯ ಬಗ್ಗೆ ಇನ್ನೂ ಒಂದು ಮಾತು ಸಾಕು. ಆ ಲೋಕಸಭೆಯಲ್ಲಿ ದಿನಭತ್ಯೆ ಬೇಕಾದ ಸದಸ್ಯರು ಸಹಿ ಹಾಕಬೇಕಿತ್ತು, ಆ ಸಹಿಯೇ ಹಾಜರಿಯಾಗಿತ್ತು. ಬೆಳಿಗ್ಗೆ ಸಹಿ ಹಾಕಿ ಹೊರಗೆ ಹೋದವರೂ ಸಂಜೆಯವರೆಗೆ ಕುಳಿತವರೂ ಅಲ್ಲಿ ಒಂದೇ ಆಗಿದ್ದರು. ನಮ್ಮ ಹೊಸ ಹಾಳೆಯಲ್ಲಿ ಈ ಅಂಕಣವನ್ನು ತೀರ ಬಲತುದಿಗೆ ಸರಿಸಿದೆವು.

ಕೋಷ್ಟಕದಲ್ಲಿ ಕಾಣದ ರೈಲು

ಈ ಪ್ರಕರಣದ ಜಟಿಲ ಭಾಗ ಇಲ್ಲಿದೆ. ಬೆಳಗಾವಿಯಿಂದ ಧಾರವಾಡಕ್ಕೆ ರೈಲಿನಲ್ಲಿ ಹೋಗುವವರು ಖಾನಾಪುರ, ಲೋಂಡಾ, ಅಳ್ನಾವರದ ಮೂಲಕ ಸುತ್ತು ಹಾಕಿ ಸುಮಾರು 120 ಕಿಲೊಮೀಟರ್ ಕ್ರಮಿಸಬೇಕು. ರಸ್ತೆಯಲ್ಲಿ ಬಸ್ಸು ಅದಕ್ಕಿಂತ ಎಷ್ಟೋ ಮೊದಲೇ ಮುಟ್ಟಿಸುತ್ತದೆ. ಕಿತ್ತೂರಿನ ಮೇಲೆ ನೇರ ಮಾರ್ಗ ಬೇಕೆಂಬುದು ಈ ಭಾಗದ ಬಹಳ ಹಳೆಯ ಬೇಡಿಕೆ. ಸುಮಾರು 73 ಕಿಲೊಮೀಟರ್ ಉದ್ದದ, 927 ಕೋಟಿ ರೂಪಾಯಿ ಅಂದಾಜಿನ ಧಾರವಾಡ–ಕಿತ್ತೂರು–ಬೆಳಗಾವಿ ಹೊಸ ಮಾರ್ಗಕ್ಕೆ ರೈಲ್ವೆಯ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಅಂಗಡಿ ಅವರು ಆ ಖಾತೆಯ ರಾಜ್ಯ ಸಚಿವರಾಗಿದ್ದಾಗ. ಜಮೀನನ್ನು ರಾಜ್ಯ ಸರ್ಕಾರ ಉಚಿತವಾಗಿ ಕೊಡಬೇಕು, ವೆಚ್ಚದಲ್ಲೂ ಅರ್ಧ ಪಾಲು ಹೊರಬೇಕು ಎಂಬ ಕರಾರಿನ ಮೇಲೆ ಅದು ನಿಂತಿದೆ.

ಈ ಒಪ್ಪಿಗೆ ನಮ್ಮ ನಾಲ್ಕು ಅಂಕಣಗಳ ಯಾವ ಮನೆಯಲ್ಲಿ ಬರಬೇಕು? ಎಲ್ಲಿಯೂ ಬರುವುದಿಲ್ಲ. ಅದು ಕಡತದಲ್ಲಿ ನಡೆದ ಕೆಲಸ, ಸದನದಲ್ಲಿ ನಡೆದದ್ದಲ್ಲ. ಆದರೆ ಅದನ್ನು ಹಾಗೆಯೇ ಎತ್ತಿ ಸಚಿವರ ಹೆಸರಿಗೆ ಬರೆದುಬಿಡುವುದೂ ನನಗೆ ಸರಿ ಕಾಣಲಿಲ್ಲ. ಒಂದು ರೈಲು ಮಾರ್ಗದ ಹಿಂದೆ ಸಮೀಕ್ಷೆ, ವಲಯ ಕಚೇರಿಯ ವರದಿ, ರೈಲ್ವೆ ಮಂಡಳಿಯ ಟಿಪ್ಪಣಿ, ರಾಜ್ಯದ ಒಪ್ಪಿಗೆಪತ್ರ ಎಲ್ಲವೂ ಇರುತ್ತವೆ. ಯಾರು ಎಷ್ಟು ದೂಡಿದರು ಎಂಬುದು ಸಂಸತ್ತಿನ ದಾಖಲೆಯಿಂದ ತಿಳಿಯುವಂಥದ್ದಲ್ಲ. ಕೊನೆಗೆ ನಾವು ಮಾಡಿದ್ದು ಇಷ್ಟು: ಅವರ ಹೆಸರಿನ ಮುಂದೆ ಎಲ್ಲ ಮನೆಗಳಲ್ಲೂ ‘ಅನ್ವಯಿಸುವುದಿಲ್ಲ’ ಎಂದು ಬರೆದು, ಕೆಳಗೆ ಅವರ ಅವಧಿಯಲ್ಲಿ ಕ್ಷೇತ್ರಕ್ಕೆ ಸಂಬಂಧಪಟ್ಟಂತೆ ಆ ಇಲಾಖೆಯಲ್ಲಿ ಆದ ತೀರ್ಮಾನ ಎಂದು ಪ್ರತ್ಯೇಕ ಸಾಲಿನಲ್ಲಿ ಈ ಮಾರ್ಗವನ್ನು ನಮೂದಿಸಿದೆವು. ಶ್ರೇಯಸ್ಸು ಯಾರಿಗೆ ಎಂಬ ಅಂಕಣ ಇಡಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಈ 73 ಕಿಲೊಮೀಟರ್‌ನ ನಕ್ಷೆಯನ್ನು ಲೋಕಸಭಾ ಕ್ಷೇತ್ರಗಳ ನಕ್ಷೆಯ ಮೇಲಿಟ್ಟರೆ ಮಾರ್ಗ ಮೂವರು ಸಂಸದರ ಸೀಮೆಯನ್ನು ದಾಟುತ್ತದೆ. ಬೆಳಗಾವಿ ಜಿಲ್ಲೆಯ 18 ವಿಧಾನಸಭಾ ಕ್ಷೇತ್ರಗಳಲ್ಲಿ ಎಂಟು ಬೆಳಗಾವಿ ಲೋಕಸಭೆಗೆ, ಎಂಟು ಚಿಕ್ಕೋಡಿಗೆ ಸೇರಿವೆ. ಉಳಿದ ಎರಡು, ಖಾನಾಪುರ ಮತ್ತು ಕಿತ್ತೂರು, ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿವೆ. ಕಿತ್ತೂರಿನ ಮತದಾರರ ಸಂಸದರು ಕಾರವಾರದ ಕಡಲತೀರದವರಿಗೂ ಸಂಸದರು ಎಂಬುದು ನಮ್ಮ ಜಿಲ್ಲೆಯ ಬಹಳ ಮಂದಿಗೆ ಇಂದಿಗೂ ಹೊಸ ಸುದ್ದಿ. ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು ಆ ಇಡೀ ಅವಧಿಯಲ್ಲಿ ಸಂಸದೀಯ ವ್ಯವಹಾರಗಳ ಸಚಿವರಾಗಿದ್ದರು. ಹಾಗಾಗಿ 2020ರಲ್ಲಿ ಈ ಮಾರ್ಗದ ಮೇಲಿನ ಮೂರು ಕ್ಷೇತ್ರಗಳಲ್ಲಿ ಎರಡರ ಪ್ರತಿನಿಧಿಗಳು ಸಚಿವರು, ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಬರುವಂತಿರಲಿಲ್ಲ. ಕೇಳಬಹುದಾಗಿದ್ದ ಸ್ಥಳೀಯ ಸದಸ್ಯರು ಉತ್ತರ ಕನ್ನಡದವರೊಬ್ಬರೇ. 2020ರ ಸೆಪ್ಟೆಂಬರ್ 23ರ ನಂತರ ಬೆಳಗಾವಿಯ ಸ್ಥಾನವೂ ಖಾಲಿ.

ಇಂಥ ಸಮಯದಲ್ಲಿ ಊರಿನ ವಿಷಯವನ್ನು ಯಾರು ಎತ್ತಿದರು ಎಂದು ತಿಳಿಯಬೇಕಾದರೆ ಸದಸ್ಯರ ಹೆಸರಿನಿಂದ ಹುಡುಕುವುದನ್ನು ಬಿಟ್ಟು ವಿಷಯದ ಹೆಸರಿನಿಂದ ಹುಡುಕಬೇಕಾಗುತ್ತದೆ. ಲೋಕಸಭೆಯ ಯಾವ ಸದಸ್ಯರೂ ದೇಶದ ಯಾವ ಮಾರ್ಗದ ಬಗ್ಗೆಯೂ ಕೇಳಬಹುದು. ಅದರ ಜೊತೆಗೆ ರಾಜ್ಯಸಭೆ ಇದೆ. ಕರ್ನಾಟಕದ 12 ಸ್ಥಾನಗಳಲ್ಲಿ 2020ರ ಮಧ್ಯಭಾಗದವರೆಗೆ ಬೆಳಗಾವಿಯ ಪ್ರಭಾಕರ ಕೋರೆ, ಆ ನಂತರ ನಮ್ಮದೇ ಜಿಲ್ಲೆಯ ಈರಣ್ಣ ಕಡಾಡಿ ಅವರು ಸದಸ್ಯರಾಗಿದ್ದರು. ನಮ್ಮ ಮೊದಲ ಹಾಳೆಯಲ್ಲಿ ರಾಜ್ಯಸಭೆಯ ಹೆಸರೇ ಇರಲಿಲ್ಲ.

ಪ್ರಶ್ನೆಗಿಂತ ಉತ್ತರ

ವಿಷಯದಿಂದ ಹುಡುಕಲು ಕುಳಿತಾಗ ಎದುರಾದ ಮೊದಲ ತೊಡಕು ಊರ ಹೆಸರಿನದೇ. 2014ರ ನವೆಂಬರ್ 1ರಿಂದ ನಗರದ ಅಧಿಕೃತ ಹೆಸರು ಬೆಳಗಾವಿ. ಆದರೆ ಕ್ಷೇತ್ರ ಮರುವಿಂಗಡಣೆಯ ಆದೇಶದಲ್ಲಿರುವ ಲೋಕಸಭಾ ಕ್ಷೇತ್ರದ ಹೆಸರು ಬೆಲ್ಗಾಮ್ ಎಂದೇ ಉಳಿದಿದೆ. ಸಂಸತ್ತಿನ ದಾಖಲೆಗಳ ಹುಡುಕುಪೆಟ್ಟಿಗೆಯಲ್ಲಿ ಒಂದನ್ನು ಹಾಕಿದರೆ ಇನ್ನೊಂದರ ಪ್ರಶ್ನೆಗಳು ತಪ್ಪಿಹೋಗುತ್ತವೆ. ಹುಡುಗ ಎರಡನ್ನೂ ಹಾಕಿ, ಬಳಿಕ ಕಿತ್ತೂರಿನ ಕಾಗುಣಿತವನ್ನು ಎರಡು ಬಗೆಯಲ್ಲಿ ಹಾಕಿ, ಒಂದು ರಾತ್ರಿ ಹನ್ನೊಂದರವರೆಗೆ ಕೂತ. ಸದನದಲ್ಲಿ ಕನ್ನಡದಲ್ಲಿ ಮಾತಾಡಲು ಅವಕಾಶವಿದೆ. 1967ರಲ್ಲಿ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದವರು. ಆದರೆ ನಡಾವಳಿಯಲ್ಲಿ ಕನ್ನಡದ ಭಾಷಣ ಅನುವಾದವಾಗಿ ದಾಖಲಾಗುವುದರಿಂದ, ಸದಸ್ಯರು ಬಳಸಿದ ಪದವನ್ನು ಕನ್ನಡದಲ್ಲೇ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆಗಳ ಎಣಿಕೆಯ ಬಗ್ಗೆ ನನ್ನ ನಂಬಿಕೆ ಈ ಹುಡುಕಾಟದಲ್ಲಿ ಸಾಕಷ್ಟು ಸಡಿಲವಾಯಿತು. ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಗಳು 20, ಚುಕ್ಕೆ ಗುರುತಿಲ್ಲದವು 230. ಮೊದಲನೆಯವಕ್ಕೆ ಸಚಿವರು ಸದನದಲ್ಲಿ ಎದ್ದು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಎರಡನೆಯವಕ್ಕೆ ಲಿಖಿತ ಉತ್ತರವಷ್ಟೇ. ಕನಿಷ್ಠ 15 ದಿನ ಮುಂಚೆ ಸೂಚನೆ ಕೊಡಬೇಕು, ಬಂದ ಸೂಚನೆಗಳಲ್ಲಿ ಯಾವುದು ಪಟ್ಟಿಗೆ ಏರಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಚೀಟಿಯಲ್ಲಿ ಸೋತ ಪ್ರಶ್ನೆ ದಾಖಲೆಯಲ್ಲಿ ಕಾಣುವುದಿಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯೂ ಇದೆ. ಒಂದೇ ಬಗೆಯ ಸೂಚನೆಗಳನ್ನು ಹಲವು ಸದಸ್ಯರು ಕೊಟ್ಟಾಗ ಅವನ್ನು ಒಂದೇ ಪ್ರಶ್ನೆಯಾಗಿ ಜೋಡಿಸಿ ಎಲ್ಲರ ಹೆಸರನ್ನೂ ಮೇಲೆ ಹಾಕುತ್ತಾರೆ. ಒಂದೇ ಪ್ರಶ್ನೆ, ಆದರೆ ಎಣಿಕೆಯಲ್ಲಿ ಅಷ್ಟೂ ಮಂದಿಗೆ ಒಂದೊಂದು. ಹೀಗೆ ಬೆಳೆದ ಸಂಖ್ಯೆಯೂ ಒಬ್ಬಂಟಿಯಾಗಿ ಒಂದೇ ವಿಷಯವನ್ನು ಬೆನ್ನುಹತ್ತಿ ಕೇಳಿದವರ ಸಂಖ್ಯೆಯೂ ಒಂದೇ ಅಂಕಣದಲ್ಲಿ ಕೂರುತ್ತವೆ. 2020ರ ಮಳೆಗಾಲದ ಅಧಿವೇಶನದಲ್ಲಂತೂ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ, ಲಿಖಿತ ಉತ್ತರಗಳು ಮಾತ್ರ ಬಂದವು. ಆ ಹತ್ತು ದಿನಗಳಲ್ಲಿ ಯಾರೊಬ್ಬರೂ ಉಪಪ್ರಶ್ನೆ ಕೇಳಿಲ್ಲವೆಂದರೆ ಅದು ಸದಸ್ಯರ ಆಲಸ್ಯವಲ್ಲ.

ಆದ್ದರಿಂದ ಈ ಬರಹದಲ್ಲಿ ಯಾವ ಸದಸ್ಯರ ಪ್ರಶ್ನೆಗಳ ಸಂಖ್ಯೆಯನ್ನೂ ನಾನು ಕೊಟ್ಟಿಲ್ಲ. ಕೊಟ್ಟರೆ ಓದುಗರ ಕಣ್ಣು ಅದರ ಮೇಲೆಯೇ ನಿಲ್ಲುತ್ತದೆ. ನನ್ನ ಕಣ್ಣು ನಿಂತದ್ದೂ ಅಲ್ಲಿಯೇ.

ಉತ್ತರಗಳನ್ನು ಓದುವುದು ಬೇರೆಯೇ ಅನುಭವ. ರೈಲ್ವೆ ಸಚಿವಾಲಯದ ಉತ್ತರಗಳನ್ನು ಹತ್ತು ಓದಿದರೆ ಹನ್ನೊಂದನೆಯದನ್ನು ನೀವೇ ಬರೆಯಬಹುದು. ರೈಲ್ವೆ ಯೋಜನೆಗಳನ್ನು ರಾಜ್ಯವಾರು ಅಥವಾ ಜಿಲ್ಲಾವಾರು ಲೆಕ್ಕವಿಡುವುದಿಲ್ಲ, ವಲಯವಾರು ಇಡಲಾಗುತ್ತದೆ, ಏಕೆಂದರೆ ಮಾರ್ಗಗಳು ರಾಜ್ಯಗಳ ಗಡಿ ದಾಟುತ್ತವೆ ಎಂಬ ಅರ್ಥದ ಮೊದಲ ಪರಿಚ್ಛೇದ. ಯೋಜನೆ ಮುಗಿಯುವ ಸಮಯ ರಾಜ್ಯ ಸರ್ಕಾರದ ಭೂಸ್ವಾಧೀನ, ಅರಣ್ಯ ಇಲಾಖೆಯ ಅನುಮತಿ, ವಿದ್ಯುತ್ ತಂತಿ ಮತ್ತು ನೀರಿನ ಕೊಳವೆಗಳ ಸ್ಥಳಾಂತರ, ವರ್ಷದಲ್ಲಿ ಕೆಲಸ ಮಾಡಲು ಸಿಗುವ ತಿಂಗಳುಗಳು ಮುಂತಾದವುಗಳನ್ನು ಅವಲಂಬಿಸಿದೆ ಎಂಬ ಅರ್ಥದ ಕೊನೆಯ ಪರಿಚ್ಛೇದ. ಹೊಸ ಸಂಗತಿ ಇದ್ದರೆ ಅದು ನಡುವಿನ ಎರಡು ಸಾಲಿನಲ್ಲಿ ಇರುತ್ತದೆ: ಆ ವರ್ಷಕ್ಕೆ ಎಷ್ಟು ಹಣ, ಎಷ್ಟು ಹೆಕ್ಟೇರ್ ಕೈಗೆ ಬಂದಿದೆ, ಎಷ್ಟು ಕಿಲೊಮೀಟರ್ ಹಳಿ ಬಿದ್ದಿದೆ. ಗಾರ್ಡ್ ಸಾಹೇಬರು ಮೇಲಿನ ಮತ್ತು ಕೆಳಗಿನ ಪರಿಚ್ಛೇದಗಳನ್ನು ಪೆನ್ಸಿಲಿನಿಂದ ಅಡ್ಡ ಹೊಡೆದು ನಡುವಿನದನ್ನು ಮಾತ್ರ ನೋಟುಬುಕ್ಕಿಗೆ ಇಳಿಸುವ ಪದ್ಧತಿ ಹಾಕಿಕೊಟ್ಟರು. ಸಂಸದರ ಕೆಲಸವನ್ನು ಅಳೆಯಲು ನಾನು ಇದುವರೆಗೆ ಕಂಡ ಉಪಾಯಗಳಲ್ಲಿ ಇದೇ ಲೇಸು. ಒಂದೇ ಮಾರ್ಗದ ಬಗ್ಗೆ ಎರಡನೆಯ ಸಲ ಕೇಳಿದಾಗ ನಡುವಿನ ಸಾಲು ಬದಲಾಗಿದೆಯೇ ಇಲ್ಲವೇ ಎಂಬುದು ಹೀಗೆ ಕಣ್ಣಿಗೆ ಬೀಳುತ್ತದೆ. ಬದಲಾಗದಿದ್ದರೂ ಮೂರನೆಯ ಸಲ ಕೇಳಿದವರು ಯಾರು ಎಂಬುದೂ ಬೀಳುತ್ತದೆ.

ಉತ್ತರದ ಭಾಷೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂಬಂಥ ಮಾತನ್ನು ಸಚಿವರು ಸದನದಲ್ಲಿ ಆಡಿದರೆ ಅದು ಭರವಸೆ ಎಂದು ಲೆಕ್ಕವಾಗುತ್ತದೆ. ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಇಲಾಖೆಯನ್ನು ಕೇಳುತ್ತದೆ. ಅದೇ, ಸಮಯ ಹಲವು ಅಂಶಗಳನ್ನು ಅವಲಂಬಿಸಿದೆ ಎಂದರೆ ಅಲ್ಲಿ ಭರವಸೆಯೇ ಹುಟ್ಟುವುದಿಲ್ಲ, ಯಾವ ಸಮಿತಿಯೂ ಕೇಳುವಂತಿಲ್ಲ. ಎರಡೂ ಉತ್ತರಗಳು ಪತ್ರಿಕೆಯಲ್ಲಿ ಒಂದೇ ತೆರನಾಗಿ ಅಚ್ಚಾಗುತ್ತವೆ. ಜಾಣ ಸದಸ್ಯರು ಪ್ರಶ್ನೆಯನ್ನು ಮೊದಲ ಬಗೆಯ ಉತ್ತರ ಬರುವ ಹಾಗೆ ಕಟ್ಟುತ್ತಾರೆ. ನೋಟುಬುಕ್ಕಿನಲ್ಲಿ ಭರವಸೆಗೆ ‘ಭ’, ನುಣುಚಿಕೆಗೆ ‘ನು’ ಎಂದು ಗುರುತು ಹಾಕಿದೆವು. ‘ನು’ಗಳೇ ಹೆಚ್ಚು ಎಂದು ಬೇರೆ ಹೇಳಬೇಕಿಲ್ಲ.

ಕಾಣದೇ ಉಳಿದದ್ದು

ಇಲಾಖಾ ಸ್ಥಾಯಿ ಸಮಿತಿಗಳು 24 ಇವೆ. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಬಜೆಟ್ ಬೇಡಿಕೆಗಳನ್ನು ಸಾಲುಸಾಲಾಗಿ ಓದುವ ಕೆಲಸ ನಡೆಯುವುದು ಅಲ್ಲಿ. ಆದರೆ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ವರದಿಯ ಹಿಂದೆ ಲಗತ್ತಿಸಿದ ನಡಾವಳಿಯಲ್ಲಿ ಯಾರು ಬಂದಿದ್ದರು ಎಂಬುದು ಸಿಗುತ್ತದೆಯೇ ಹೊರತು ಯಾರು ಏನು ಕೇಳಿದರು ಎಂಬುದು ಸಿಗುವುದಿಲ್ಲ. ಮತದಾನದ ಕತೆಯೂ ಅಷ್ಟೇ. ಬಹುತೇಕ ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ, ವಿಭಜನೆ, ಎಂದರೆ ಒಬ್ಬೊಬ್ಬರ ಮತ ಎಣಿಸುವುದನ್ನು, ಕೇಳಿದಾಗ ಮಾತ್ರ ಹೆಸರು ದಾಖಲಾಗುತ್ತದೆ. ಆಗಲೂ 1985ರ ಪಕ್ಷಾಂತರ ನಿಷೇಧದ ನಂತರ ಪಕ್ಷದ ಆದೇಶವಾದ ವಿಪ್ ಮೀರುವವರು ವಿರಳ. ನಮ್ಮ ಸಂಸದರು ಯಾವ ಕಾನೂನಿಗೆ ಕೈಯೆತ್ತಿದರು ಎಂದು ಹುಡುಗ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಶೂನ್ಯ ವೇಳೆಯ ಮಾತುಗಳನ್ನೂ ಕ್ಷೇತ್ರದ ವಿಷಯವನ್ನು ಸದನದ ಗಮನಕ್ಕೆ ತರುವ ನಿಯಮ 377ರ ಅಡಿಯ ಹೇಳಿಕೆಗಳನ್ನೂ ಕೋಷ್ಟಕಗಳು ‘ಚರ್ಚೆ’ ಎಂಬ ಒಂದೇ ಚೀಲಕ್ಕೆ ತುಂಬುತ್ತವೆ. ಅರ್ಧ ಗಂಟೆ ಬಜೆಟ್ ಮೇಲೆ ಮಾತಾಡಿದ್ದೂ ಚರ್ಚೆ, ಓದದೇ ಮೇಜಿನ ಮೇಲೆ ಇಟ್ಟ ಒಂದು ಪುಟದ ಹೇಳಿಕೆಯೂ ಚರ್ಚೆ. ಇವನ್ನು ನಾವು ಎರಡು ಅಂಕಣಗಳಾಗಿ ಒಡೆದೆವು.

ಸಂಸದರ ಸ್ಥಳೀಯ ಅಭಿವೃದ್ಧಿ ನಿಧಿಯನ್ನು ಹಾಳೆಗೆ ಸೇರಿಸಬೇಕೆಂದು ಕೆಲವರು ಪಟ್ಟು ಹಿಡಿದರು. ವರ್ಷಕ್ಕೆ 5 ಕೋಟಿ ರೂಪಾಯಿಯ ಆ ನಿಧಿಯಿಂದ ಸಮುದಾಯ ಭವನ, ಬೋರ್‌ವೆಲ್ ಆಗುತ್ತವೆ, ಕಣ್ಣಿಗೆ ಕಾಣುತ್ತವೆ. ಅದು ಸಂಸತ್ತಿನ ಕೆಲಸವಲ್ಲ ಎಂಬ ಕಾರಣಕ್ಕೆ ನಾನು ಒಪ್ಪಲಿಲ್ಲ. ಈ ಪ್ರಕರಣದಲ್ಲಂತೂ ಆ ಲೆಕ್ಕ ದಾರಿ ತಪ್ಪಿಸುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣಕ್ಕೆ ನಿಂತ ನಿಧಿ ಮತ್ತೆ ಶುರುವಾದದ್ದು 2021ರ ನವೆಂಬರ್‌ನಲ್ಲಿ, ಅದೂ ಆ ವರ್ಷದ ಉಳಿದ ಭಾಗಕ್ಕೆ 2 ಕೋಟಿ ಮಾತ್ರ. ಉಪಚುನಾವಣೆಯಲ್ಲಿ ಗೆದ್ದು ಬಂದವರ ಮೊದಲ ಆರು ತಿಂಗಳು ಹಣವೇ ಇರಲಿಲ್ಲ.

ಹಾಳೆ ಮತ್ತೆ ಫಲಕಕ್ಕೆ

ಎರಡನೆಯ ಹಾಳೆ ಮೊದಲಿನದಕ್ಕಿಂತ ಓದಲು ಕಷ್ಟವಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಮೊದಲನೆಯದನ್ನು ಜನ ನಿಂತ ನಿಲುವಿನಲ್ಲೇ ಓದಿ ನಕ್ಕು ಹೋಗಿದ್ದರು. ಎರಡನೆಯದರ ಮುಂದೆ ಕುರ್ಚಿ ಹಾಕಬೇಕಾಯಿತು. ಮೇಲ್ಗಡೆ 90, 24, 160 ಎಂಬ ಮೂರು ಅಂಕಿಗಳು ದಪ್ಪಕ್ಷರದಲ್ಲಿ. ಕೆಳಗೆ ಸದಸ್ಯರ ಹೆಸರುಗಳ ತಿದ್ದಿದ ಕೋಷ್ಟಕ, ಅದರ ಜೊತೆಗೆ ಇನ್ನೊಂದು ಕೋಷ್ಟಕ: ಮೊದಲ ಅಂಕಣದಲ್ಲಿ ವಿಷಯಗಳು, ಎರಡನೆಯದರಲ್ಲಿ ಕೇಳಿದವರು, ಮೂರನೆಯದರಲ್ಲಿ ದಿನಾಂಕ, ನಾಲ್ಕನೆಯದರಲ್ಲಿ ಉತ್ತರದ ನಡುವಿನ ಎರಡು ಸಾಲು. ಹಾಳೆಯ ಅಡಿಯಲ್ಲಿ, ಏಪ್ರಿಲ್‌ನಲ್ಲಿ ಅಂಟಿಸಿದ ಹಾಳೆಯಲ್ಲಿ ಸುರೇಶ ಅಂಗಡಿ ಅವರ ಹೆಸರಿನ ಮುಂದೆ ಬರೆದಿದ್ದ ನಾಲ್ಕು ಸೊನ್ನೆಗಳು ನಮ್ಮ ತಪ್ಪು ಎಂಬ ಒಂದು ವಾಕ್ಯವನ್ನು ನನ್ನ ಸಹಿಯೊಂದಿಗೆ ಬರೆದೆ.

ಡಿಸೆಂಬರ್ ಬಂದರೆ ಸುವರ್ಣ ವಿಧಾನಸೌಧದಲ್ಲಿ ರಾಜ್ಯದ ಅಧಿವೇಶನ ನಡೆಯುವ ಊರು ನಮ್ಮದು. ಶಾಸಕರ ಲೆಕ್ಕವನ್ನೂ ಹೀಗೆ ಇಡಬಾರದೇಕೆ ಎಂದು ಹುಡುಗ ಆಗಲೇ ಕೇಳತೊಡಗಿದ್ದ. ಅದು ಬೇರೆ ನೋಟುಬುಕ್ಕಿನ ಕೆಲಸ ಎಂದು ಸದ್ಯಕ್ಕೆ ತಳ್ಳಿದ್ದೇನೆ.

ಇದೇ ನೋಟುಬುಕ್ಕಿನಲ್ಲಿ 18ನೇ ಲೋಕಸಭೆಗೆ ಹೊಸ ಪುಟ ತೆರೆದಿದ್ದೇವೆ. ದಿನಗಳ ಅಂಕಣ 2024ರ ಜೂನ್ 24ರಿಂದ ಶುರುವಾಗುತ್ತದೆ. ಬೆಳಗಾವಿಯ ಸಾಲಿನಲ್ಲಿ ಜಗದೀಶ ಶೆಟ್ಟರ್, ಚಿಕ್ಕೋಡಿಯಲ್ಲಿ ಪ್ರಿಯಾಂಕಾ ಜಾರಕಿಹೊಳಿ, ಉತ್ತರ ಕನ್ನಡದಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿ; ಮೂವರೂ ಮೊದಲ ದಿನದಿಂದಲೇ ಸಾಮಾನ್ಯ ಸದಸ್ಯರು, ಎಲ್ಲ ಮನೆಗಳೂ ಅವರಿಗೆ ಅನ್ವಯಿಸುತ್ತವೆ. ರೈಲು ಮಾರ್ಗಕ್ಕಾಗಿ ಸೇರಿಸಿದ ಧಾರವಾಡದ ಸಾಲಿನಲ್ಲಿ ಈ ಸಲವೂ ಸಚಿವರೇ ಇರುವುದರಿಂದ, ಹುಡುಗ ಸ್ಕೇಲು ಇಟ್ಟು ಆ ಮನೆಗಳ ಉದ್ದಕ್ಕೂ ಒಂದು ಗೆರೆ ಎಳೆದ. ಸೊನ್ನೆ ಹಾಕಲಿಲ್ಲ.